ಲೀವಾಳ ಗುರುವಾರಗಳು

ವರ್ಷಕ್ಕೊಂದು ಮಂಗಳವಾರ ನಮ್ಮೂರಿನ ಗಂಡಸರಿಗೆಲ್ಲ ಹೆಂಡತಿಯ ಬೀರು ಜಾಲಾಡುವ ಹುಚ್ಚು ಹಿಡಿಯುತ್ತೆ. ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗೋಕೆ ಮೊದಲು ನಡೆಯೋ ಕಾರ್ನಿವಲ್ ಹಬ್ಬದ ಕೊನೆಯ ದಿನ ಅದು. ಡಾಕ್ಟರಾಗಲಿ ಗಾರೆಯವನಾಗಲಿ, ಎಲ್ಲರೂ ಹೆಂಗಸರ ಬಟ್ಟೆ ಹಾಕ್ಕೊಂಡು ಬೀದಿಗಿಳೀತಾರೆ. ಆದರೆ ವೇಷ ಗಲೀಜಾಗಿರಬೇಕು, ಅದೊಂದು ಕಟ್ಟುನಿಟ್ಟು. ಹರಿದ ಕಾಲುಚೀಲ, ಕೋಟಿನ ಮೇಲೆ ಬ್ರಾ, ತಲೆಗೆ ಟೇಬಲ್ ಲ್ಯಾಂಪಿನ ಟೋಪಿ, ಕೈಯಲ್ಲಿ ಮುರಿದ ಕೊಡೆ, ಹಕ್ಕಿ ಪಂಜರದೊಳಗೊಂದು ಒಣಮೀನು. ಇವರನ್ನ ನಾವು ಗಲೀಜು ಜಾನೆಟ್‌ಗಳು ಅಂತೀವಿ. ನನ್ನ ಗಂಡ ರೆಮಿ ನನ್ನ ಮದುವೆಯ ಒಳಲಂಗವನ್ನ ಹೀಗೇ ಚಿಂದಿ ಮಾಡಿಟ್ಟ. ನಾನು ಹುಟ್ಟಿದ್ದೂ ಇದೇ ಊರಲ್ಲಿ, ಬೇಕರಿ ನಡೆಸ್ತಿರೋದೂ ಇಲ್ಲೇ. ಆ ದಿನ ನನಗೂ ಹೊಟ್ಟೆ ಹುಣ್ಣಾಗೋ ಹಾಗೆ ನಗು ಬರ್ತಿತ್ತು. ಈಗ ಬರೋದಿಲ್ಲ. ಜಾನೆಟ್‌ಗಳನ್ನ ಕಂಡ್ರೆ ಅಂಗಡಿ ಬಾಗಿಲು ಹಾಕ್ಕೊಳ್ತೀನಿ.

ಅಷ್ಟು ಜನರಲ್ಲಿ ಗಲೀಜಾಗಿ ಬಾರದವನು ಒಬ್ಬನೇ, ಫಿರ್ಮಿನ್. ರೈಲ್ವೆ ವರ್ಕ್‌ಶಾಪಿನಲ್ಲಿ ಬ್ರೇಕ್ ರಿಪೇರಿ ಮಾಡಿ ರಿಟೈರಾದವನು. ಮದುವೆ ಮಾಡ್ಕೊಳ್ಳಲಿಲ್ಲ. ತಾಯಿ ಇರೋವರೆಗೆ ತಾಯಿ ಜೊತೆ ಇದ್ದ, ಆಮೇಲೆ ಒಬ್ಬನೇ. ನಮ್ಮ ಬೀದಿಯ ಕೊನೇ ಮನೆ ಅವನದು. ಎತ್ತರದ ಆಳು, ಅಗಲ ದವಡೆ, ಒಂದೊಂದು ಕೈ ನನ್ನ ಬ್ರೆಡ್ಡಿನ ಸಲಿಕೆಯಷ್ಟಿತ್ತು. ಆ ಕೈಯಲ್ಲಿ ಸೂಜಿ ಹಿಡಿದರೆ ಮಾತ್ರ ಹೊಲಿಗೆ ಎಲ್ಲಿ ಹಾಕಿದಾನೆ ಅಂತ ಹುಡುಕಬೇಕಿತ್ತು. ಕಾರ್ನಿವಲ್ ಭಾನುವಾರದ ಮೆರವಣಿಗೆಗೆ ಯಾರನ್ನಾದ್ರೂ ಗೊಂಬೆ ಮಾಡಿ ಗೇಲಿ ಮಾಡೋ ಗಾಡಿ ಕಟ್ಟುವ ಗುಂಪುಗಳು ಊರಲ್ಲಿ ಬೇಕಾದಷ್ಟಿವೆ. ನನ್ನ ಗಂಡನ ಗುಂಪಿನ ಬಟ್ಟೆಗಳನ್ನೆಲ್ಲ ವರ್ಷವರ್ಷವೂ ಹೊಲೀತಿದ್ದವನು ಫಿರ್ಮಿನ್ನೇ.

ಮಂಗಳವಾರ ಅವನು ಬರ್ತಿದ್ದ ರೀತಿ ಹೇಳ್ತೀನಿ. ಬೂದು ಬಣ್ಣದ ಉಣ್ಣೆ ಕೋಟು, ಮೊಣಕಾಲು ದಾಟಿದ ಲಂಗ, ಚಪ್ಪಟೆ ಶೂ, ಕತ್ತಿಗೆ ನೀಲಿ ಸ್ಕಾರ್ಫು, ನೀಟಾಗಿ ಬಾಚಿದ ಕಂದು ವಿಗ್ಗು, ತುಟಿಗೆ ಇದೆಯೋ ಇಲ್ಲವೋ ಅನ್ನೋಷ್ಟು ಬಣ್ಣ. ಊರಿಗೂರೇ ಕುಣೀತಿದ್ದರೆ ಇವನು ಕೈಚೀಲ ಹಿಡ್ಕೊಂಡು ಔಷಧಿ ಅಂಗಡಿಗೆ ಹೋಗಿ ಕೆಮ್ಮಿನ ಮಾತ್ರೆ ತಗೊಳ್ತಿದ್ದ. ನನ್ನ ಹತ್ತಿರ ಬಂದು ಅರ್ಧ ಕಂದು ಬ್ರೆಡ್ಡು, ಹೆಚ್ಚಿ ಕೊಡಿ ಅಂತಿದ್ದ. ಆಮೇಲೆ ಚೌಕದ ಕೆಫೆಯಲ್ಲಿ ಕಿಟಕಿ ಪಕ್ಕ ಕೂತು ಒಂದು ಕಾಫಿ. ಅಷ್ಟೇ ಅವನ ಕಾರ್ನಿವಲ್.

"ಲೇ ಫಿರ್ಮಿನ್, ಇದೆಂಥಾ ವೇಷಾನೋ! ನಮ್ಮತ್ತೆ ಚರ್ಚಿಗೆ ಹೊರಟ ಹಾಗಿದೀಯ!"

"ಮೀನೆಲ್ಲೋ? ಪಂಜರ ಎಲ್ಲೋ?"

ಗುಂಪಿನ ಯಜಮಾನ ಗಿಲ್ಬೆರ್‌ಗಂತೂ ತಲೆ ಕೆಡ್ತಿತ್ತು. "ವರ್ಷಾ ವರ್ಷಾ ನಮ್ಮ ಮಾನ ತೆಗೀತೀಯ ಮಾರಾಯ. ಲಂಗಕ್ಕೆ ಒಂದು ಕಲೆ ಆದ್ರೂ ಮಾಡ್ಕೋ! ಬೇಕಾದ್ರೆ ನಾನೇ ಬಿಯರ್ ಸುರೀತೀನಿ."

ಫಿರ್ಮಿನ್ ನಕ್ಕು ಮುಂದೆ ಹೋಗ್ತಿದ್ದ. ಅಂಥದೇ ಒಂದು ಮಂಗಳವಾರ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ಹಿಟ್ಟಿನ ಮೂಟೆ ಮೇಲೆ ಕೂತು, ಲಂಗ ಸರಿ ಮಾಡ್ಕೊಂಡು, "ಅರ್ಲೆಟ್, ಇದು ವೇಷ ಅಲ್ಲ ಕಣೆ" ಅಂದ.

"ಗೊತ್ತು ಬಿಡು" ಅಂದೆ. ಗೊತ್ತಿತ್ತೋ ಇಲ್ಲವೋ, ಬಾಯಿಂದ ಹಾಗೆ ಬಂತು.

"ಮನೇಲಿ ಪರದೆ ಎಳ್ಕೊಂಡು ಹೀಗೇ ಇರ್ತೀನಿ. ಹೆಸರು ಲೀವಾ. ಆದ್ರೆ ಗೋಡೆ ನೋಡ್ಕೊಂಡು ಎಷ್ಟೂಂತ ಇರ್ಲಿ? ನಂಗೆ ಕಾರ್ನಿವಲ್ ಇಲ್ಲದ ಒಂದು ದಿನ ಬೇಕು. ಯಾವುದೋ ಒಂದು ಕೆಲಸಕ್ಕೆ ಬಾರದ ಗುರುವಾರ. ಬರ್ಬೇಕು, ಸಾಲಲ್ಲಿ ನಿಲ್ಬೇಕು, ಬ್ರೆಡ್ ತಗೊಂಡು ಹೋಗ್ಬೇಕು. ಯಾರೂ ತಿರುಗಿ ನೋಡ್ಬಾರ್ದು."

"ಅಷ್ಟೇನಾ?"

"ಅಷ್ಟೇ."

ನಾನು ದಿನಾ ಬೆಳಗಾದರೆ ಗೊಣಗಾಡ್ಕೊಂಡು ಬಾಳೋ ಬಾಳನ್ನ ಇವನು ವರ ಕೇಳೋ ಹಾಗೆ ಕೇಳ್ತಿದಾನಲ್ಲ ಅನ್ನಿಸಿತು. ಅವತ್ತಿಂದ ಲಂಗದಲ್ಲಿದ್ದರೆ ನನಗೆ ಲೀವಾ, ಅವಳು. ಪ್ಯಾಂಟಿನಲ್ಲಿದ್ದರೆ ಫಿರ್ಮಿನ್, ಅವನು. ಅವನೇ ಹಾಗೆ ಕೇಳ್ಕೊಂಡ. ಕೇಳೋರಿಗೆ ಗೋಜಲಾದ್ರೆ ನಾನೇನು ಮಾಡ್ಲಿ!

ಅವಸರದಲ್ಲಿ ಮೊದಲನೇ ಸಲ ತಪ್ಪು ದಿನ ಆರಿಸ್ಕೊಂಡಳು. ಮಂಗಳವಾರ ಸಂಜೆ ಚೌಕದಲ್ಲಿ ಕಾರ್ನಿವಲ್ಲಿನ ಗೊಂಬೆ ಸುಡ್ತೀವಿ, ಹಬ್ಬ ಮುಗೀತಲ್ಲ ಅಂತ ಎಲ್ಲರೂ ಅಳ್ತೀವಿ, ಅಲ್ಲಿಗೆ ಮುಗೀತು. ಮಾರನೆಯ ಬೆಳಿಗ್ಗೆಯೇ ಲೀವಾ ಹೊರಬಿದ್ದಳು. ಕೆಫೆಯಲ್ಲಿ ತಲೆ ಹಿಡ್ಕೊಂಡು ಕೂತಿದ್ದ ಗಿಲ್ಬೆರ್ ಕಂಪನಿ ನೋಡಿದ್ದೇ ತಡ, "ಅಯ್ಯೋ ಪಾಪ, ಇವನಿಗಿನ್ನೂ ಇಳಿದಿಲ್ಲ ಕಣ್ರೋ!" ಅಂತ ಓಡಿ ಬಂದರು. ಹೆಗಲು ಕೊಟ್ಟು ಮನೆಗೆ ಹೊತ್ಕೊಂಡು ಹೋದರು. ಶೂ ಬಿಚ್ಚಿ, ವಿಗ್ಗು ತೆಗೆದು, ಹಾಸಿಗೆಯಲ್ಲಿ ಮಲಗಿಸಿ, ವಾಂತಿ ಬಂದ್ರೆ ಇರ್ಲಿ ಅಂತ ಪಕ್ಕದಲ್ಲಿ ಬಕೆಟ್ ಇಟ್ಟು ಬಂದರು. ಅವಳು ಒಂದು ತೊಟ್ಟೂ ಕುಡಿದಿರಲಿಲ್ಲ.

"ಬೈಗುಳ ತಿನ್ನೋಕೆ ಎದೆ ಗಟ್ಟಿ ಮಾಡ್ಕೊಂಡು ಹೋಗಿದ್ದೆ ಕಣೆ. ಅವರು ಹೊದಿಕೆ ಹೊದಿಸಿ ಹೋದ್ರು" ಅಂದ ಫಿರ್ಮಿನ್ ಮಾರನೇ ದಿನ. ಇಬ್ಬರೂ ನಕ್ಕೆವು. ನಗಬಾರದಿತ್ತೇನೋ, ಆದರೆ ನಗು ಬಂತು.

ಬೀದಿಯಲ್ಲಿ ಬಿದ್ದಿದ್ದ ಬಣ್ಣದ ಕಾಗದದ ಚೂರುಗಳನ್ನೆಲ್ಲ ಗುಡಿಸಿ ಆಗಿ, ಮಾರ್ಚ್ ತಿಂಗಳ ಚಳಿಗಾಳಿ ಬೀಸ್ತಿದ್ದ ಒಂದು ಗುರುವಾರ ಮತ್ತೆ ಬಂದಳು. ಅಂಗಡಿ ತುಂಬ ಜನ. ಬಾಗಿಲ ಗಂಟೆ ಸದ್ದಾಯಿತು, ಎಲ್ಲರೂ ತಿರುಗಿದರು. ಈ ಸಲ ಕುಡಿದಿದಾನೆ ಅಂತ ಅಂದ್ಕೊಳ್ಳೋಕೆ ಯಾರಿಗೂ ಕಾರಣ ಸಿಗಲಿಲ್ಲ. ಅವಳ ಮುಂದೆ ಇದ್ದ ಮುದುಕಿ ಯೋಸೆಫೀನಮ್ಮ ತನ್ನ ಬುಟ್ಟಿಯನ್ನ ಈ ಕೈಯಿಂದ ಆ ಕೈಗೆ ತಗೊಂಡು ದೂರ ಸರಿದರು. ಲೀವಾ ಮುಖ ಬಿಳುಚಿತ್ತು. ಆದರೂ ಸಾಲು ಬಿಟ್ಟು ಹೋಗಲಿಲ್ಲ. ಸರದಿ ಬಂದಾಗ ನಾನು ಬೇಕಂತಲೇ ಗಟ್ಟಿಯಾಗಿ, "ಏನು ಕೊಡ್ಲಿ, ಮೇಡಂ?" ಅಂದೆ.

"ಅರ್ಧ ಕಂದು ಬ್ರೆಡ್ಡು. ಹೆಚ್ಚಿ ಕೊಡಿ."

ಅವಳು ಹೋದ ಮೇಲೆ ಯೋಸೆಫೀನಮ್ಮ, "ನಿನಗೆ ನಾಚಿಕೆ ಆಗಲ್ವಾ ಅರ್ಲೆಟ್?" ಅಂದರು.

"ನಾಚಿಕೆ ಯಾಕಮ್ಮಾ, ಅವರೇನು ಬ್ರೆಡ್ ಕದ್ದರಾ?" ಅಂದೆ. ನನ್ನ ಬಾಯಿ ಅಷ್ಟು ಒಳ್ಳೇದಲ್ಲ, ಊರಿಗೇ ಗೊತ್ತು.

ಪ್ರತಿ ಗುರುವಾರ ಬಂದಳು ಲೀವಾ. ಗಿಲ್ಬೆರ್ ಫಿರ್ಮಿನ್‌ನನ್ನ ಗುಂಪಿನಿಂದ ತೆಗೆದ. "ಕಾರ್ನಿವಲ್ಲಲ್ಲಿ ಮಾಡಿದ್ರೆ ತಮಾಷೆ. ಇದು ತಮಾಷೆ ಅಲ್ಲ" ಅಂದನಂತೆ. ಮನೆ ಬಾಗಿಲ ಹಿಡಿಗೆ ಯಾರೋ ನಾಯಿ ಹೇಲು ಬಳಿದರು. ಒಂದು ಗುರುವಾರ ಬಸ್ ಸ್ಟಾಪಿನಲ್ಲಿ ಯಾರೋ ಪಡ್ಡೆಗಳು ವಿಗ್ಗು ಕಿತ್ತು ಚರಂಡಿಗೆ ಎಸೆದು, ಮೂತಿಗೆ ಒಂದು ಬಿಟ್ಟಿದ್ದರು. ಅವಳು ವಿಗ್ಗನ್ನ ಎತ್ಕೊಂಡು, ಒದ್ದೆಯಾಗಿದ್ದನ್ನೇ ತಲೆಗೆ ಹಾಕ್ಕೊಂಡು ನನ್ನ ಅಂಗಡಿಗೆ ಬಂದಳು. ತುಟಿ ಸೀಳಿತ್ತು. ಒಳಗೆ ಕರ್ಕೊಂಡು ಹೋಗಿ ಒಲೆ ಹತ್ತಿರ ಕೂರಿಸಿ ತೊಳೆದೆ. ನನಗೆ ಅಳು ತಡೆಯೋಕಾಗಲಿಲ್ಲ. ಹಿಟ್ಟು ನಾದ್ತಾ ಇದ್ದ ರೆಮಿ ಕೈ ಒರೆಸ್ಕೊಂಡು ಕುಡಿಯೋಕೆ ಬಿಸಿ ಹಾಲು ತಂದಿಟ್ಟ.

"ಬೇಡ ಕಣೆ ಲೀವಾ. ನಾಳೆಯಿಂದ ಬರ್ಬೇಡ."

"ನಾಳೆ ಶುಕ್ರವಾರ" ಅಂದಳು. "ಶುಕ್ರವಾರ ನಾನು ಬರೋದೇ ಇಲ್ವಲ್ಲ."

ಅವಳ ಹಟ ಅಂದರೆ ಹಟ. ಬೇಸಿಗೆ ಹೊತ್ತಿಗೆ ಜನಕ್ಕೆ ಬೇಜಾರು ಬಂತು. ನೋಡಿ ನೋಡಿ ಸಾಕಾಯಿತು. ಔಷಧಿ ಅಂಗಡಿಯವನು ಕೆಮ್ಮಿನ ಮಾತ್ರೆ ಕೊಡುವಾಗ ಕಣ್ಣು ಎತ್ತಿ ನೋಡೋದು ಬಿಟ್ಟ. ಕೆಫೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯನ್ನ ಅವಳಿಗೇ ಅಂತ ಖಾಲಿ ಬಿಡ್ತಿದ್ದರು. ಜುಲೈ ತಿಂಗಳ ಒಂದು ಗುರುವಾರ ಯೋಸೆಫೀನಮ್ಮ ಅಂಗಡಿಯಲ್ಲಿ ನಿಂತು ಯಾರಿಗೋ ತಮ್ಮ ಮಂಡಿನೋವಿನ ಪುರಾಣ ಹೇಳ್ತಿದ್ದರು. ಲೀವಾ ಹಿಂದೆ ಬಂದು ನಿಂತಳು. ಮುದುಕಿ ಮಾತಿನ ಮಧ್ಯೆ ಅರ್ಧ ತಿರುಗಿ, "ನೀವು ತಗೊಳ್ಳಿ ಮೇಡಂ, ನಾನಿನ್ನೂ ಏನು ಬೇಕೂಂತ ಯೋಚಿಸ್ತಿದೀನಿ" ಅಂದು ಮತ್ತೆ ಮಂಡಿಗೆ ವಾಪಸಾದರು.

ಎಲ್ಲರೂ ಹೋದ ಮೇಲೂ ಲೀವಾ ಅಲ್ಲೇ ನಿಂತಿದ್ದಳು.

"ಕೇಳಿಸ್ತಾ?"

"ಕೇಳಿಸ್ತು."

"ನನ್ನ ಮುಖಾನೂ ಸರಿಯಾಗಿ ನೋಡ್ಲಿಲ್ಲ ಅವರು!"

"ಇಲ್ಲ ಕಣೆ, ನೋಡ್ಲೇ ಇಲ್ಲ!"

ಇಬ್ಬರೂ ಕೌಂಟರಿನ ಮೇಲೆ ಕೈ ಕೈ ಹಿಡ್ಕೊಂಡು ಹುಚ್ಚರ ಹಾಗೆ ನಕ್ಕೆವು. ಒಳಗಿಂದ ರೆಮಿ, "ಏನಾಯ್ತೇ ನಿಮಗೆ?" ಅಂತ ಕೂಗಿದ. ಅವತ್ತಿನಷ್ಟು ಸಂತೋಷ ನನಗೆ ನನ್ನ ಮದುವೆ ದಿನವೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳ್ಲಿ.

ಅಕ್ಟೋಬರಿನಲ್ಲಿ ಗಿಲ್ಬೆರ್ ಮತ್ತು ನನ್ನ ಗಂಡ ಒಂದು ಕ್ರೇಟು ಬಿಯರ್ ಹೊತ್ಕೊಂಡು ಫಿರ್ಮಿನ್ ಮನೆಗೆ ಹೋದರು. ಹೊಲಿಯೋಕೆ ಜನ ಇಲ್ಲ, ಹಳೇದೆಲ್ಲ ಮರೆತುಬಿಡು, ಗುಂಪಿಗೆ ವಾಪಸ್ ಬಾ ಅಂತ ಕರೆದರು. ಗಾಡಿಯ ವಿಷಯ ಏನು ಅನ್ನೋದನ್ನ ಭಾನುವಾರದವರೆಗೆ ಗುಂಪಿನವರು ಹೊರಗೆ ಬಿಡೋದಿಲ್ಲ, ಕಟ್ಟಿದ ಹೆಂಡತಿಗೂ ಹೇಳೋದಿಲ್ಲ. ಶೆಡ್ಡಿಗೆ ಬೀಗ, ಬಾಯಿಗೂ ಬೀಗ. ರೆಮಿ ನನಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಫಿರ್ಮಿನ್ ಮಾತ್ರ ಬಂದು ಗುಟ್ಟಾಗಿ ಹೇಳಿದ.

"ಅಂಚೆ ಕಚೇರಿ ಮುಚ್ತಾರಂತಲ್ಲ, ಅದರ ಮೇಲೆ. ಎಲ್ಲರೂ ಕೌಂಟರಿನ ಹೆಂಗಸರಾಗಿ ಬರ್ತಾರಂತೆ. ಗಲೀಜು ಬೇಡವೇ ಬೇಡ ಅಂದ್ರು, ಅರ್ಲೆಟ್! 'ಮಾಮೂಲಿ ದಿನ ಅಂಗಡಿಗೆ ಹೋಗೋ ಹೆಂಗಸಿನ ಕೋಟು, ನಿನಗೆ ಹೇಗೆ ತೋಚುತ್ತೋ ಹಾಗೆ ಹೊಲಿ' ಅಂದ ಗಿಲ್ಬೆರ್."

ಅವನಿಗೆ ತೋಚಿದ್ದು ತನ್ನ ಕೋಟೇ. ತನ್ನ ಬೂದು ಕೋಟನ್ನೇ ಅಳತೆಗಿಟ್ಟುಕೊಂಡು, ಒಬ್ಬೊಬ್ಬರ ಮೈಗೆ ತಕ್ಕಂತೆ ಕತ್ತರಿಸಿದ. ಚಳಿಗಾಲವೆಲ್ಲ ಅವನ ಮನೆಯಿಂದ ಮಿಷನ್ನಿನ ಸದ್ದು. ನಲವತ್ತು ಚಿಲ್ಲರೆ ಕೋಟು, ಅಷ್ಟೇ ನೀಲಿ ಸ್ಕಾರ್ಫು. ನಾನು ಒಂದನ್ನ ಮಗುಚಿ ನೋಡಿದರೆ ಒಳಗೆ ರೇಷ್ಮೆಯಂಥ ಅಸ್ತರಿ, ಒಳಜೇಬು ಬೇರೆ.

"ಅಲ್ಲವೋ, ಕಾರ್ನಿವಲ್ ಬಟ್ಟೆಗೆ ಒಳಜೇಬು ಯಾವನಾದ್ರೂ ಹಾಕ್ತಾನಾ? ಯಾರು ನೋಡ್ತಾರೆ ಅದನ್ನ?"

"ಹಾಕ್ಕೊಂಡವರಿಗೆ ಗೊತ್ತಾಗುತ್ತೆ" ಅಂದ. ಆಮೇಲೆ ದಾರ ಕಚ್ಚಿ ತುಂಡು ಮಾಡಿ, "ಒಂದು ದಿನ ಆದ್ರೂ ಇದನ್ನ ನೆಟ್ಟಗೆ ತೊಟ್ಕೊಂಡು ನಡೆದ್ರೆ ಇವರಿಗೂ ಅರ್ಥ ಆಗುತ್ತೆ ಅರ್ಲೆಟ್. ಅಲ್ಲಿಗೆ ಮುಗೀತು. ಆಮೇಲೆ ನನ್ನ ಗುರುವಾರಕ್ಕೆ ಯಾರೂ ಅಡ್ಡ ಬರಲ್ಲ" ಅಂದ. ನಾನೂ ನಂಬಿದೆ.

ಕಾರ್ನಿವಲ್ ಭಾನುವಾರ ಬಂತು. ಲೀವಾ ಅವತ್ತು ತನ್ನ ಕೋಟು ಹಾಕ್ಕೊಂಡು ನನ್ನ ಅಂಗಡಿ ಮುಂದೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಬ್ಯಾಂಡಿನ ಸದ್ದು ಹತ್ತಿರ ಬಂತು. ತಿರುವಿನಲ್ಲಿ ಮೊದಲು ಕಂಡದ್ದು ಒಂದು ಗೊಂಬೆಯ ತಲೆ, ಎರಡು ಅಂತಸ್ತಿನ ಮನೆ ಎತ್ತರದ್ದು. ಕಂದು ವಿಗ್ಗು. ಅಗಲ ದವಡೆ. ಕತ್ತಿಗೆ ನೀಲಿ ಸ್ಕಾರ್ಫು. ಬಾಯಿ ತೆರೀತಿತ್ತು, ಮುಚ್ತಿತ್ತು. ಅಂಚೆಯೂ ಇಲ್ಲ ಗಿಂಚೆಯೂ ಇಲ್ಲ. ಗಾಡಿ ಮೇಲೆ ಒಂದು ಬೇಕರಿ ಕೌಂಟರು, ಅದರ ಹಿಂದೆ ನನ್ನದೇ ಏಪ್ರನ್ನು ಕಟ್ಟಿಕೊಂಡು ನನ್ನ ಗಂಡ. ಕೈಯಲ್ಲಿ ಮೈಕು.

"ಏನು ಕೊಡ್ಲಿ, ಮೇಡಂ?" ಅಂತ ಅವನು ನನ್ನ ದನಿಯಲ್ಲಿ ಕಿರುಚಿದ.

ಗಾಡಿಯ ಹಿಂದೆ ಬೂದು ಕೋಟಿನ ಅಷ್ಟೂ ಗಂಡಸರು ಕಂಕುಳಲ್ಲಿ ಒಂದೊಂದು ಬ್ರೆಡ್ಡು ಇಟ್ಕೊಂಡು, ಸೊಂಟ ತಿರುಗಿಸಿ, "ಅರ್ಧ ಗುರುವಾರ ಕೊಡಿ, ಹೆಚ್ಚಿ ಕೊಡಿ!" ಅಂತ ಒಟ್ಟಿಗೆ ಕೂಗಿದರು.

ಜನ ಬಿದ್ದು ಬಿದ್ದು ನಕ್ಕರು. ಒಲೆ ಹತ್ತಿರ ನಿಂತು ಎಲ್ಲ ಕೇಳಿಸ್ಕೊಂಡಿದ್ದ ಆ ಮನುಷ್ಯ! ನನಗೆ ಮೈಯೆಲ್ಲ ಉರಿದು ಹೋಯಿತು. ಲೀವಾ ಕಡೆ ತಿರುಗುವಷ್ಟರಲ್ಲಿ ಯಾರೋ ಅವಳ ತೋಳು ಹಿಡಿದಿದ್ದರು. "ಏಯ್, ಇಲ್ಲೊಬ್ಬ ಸಾಲು ತಪ್ಪಿಸ್ಕೊಂಡು ನಿಂತಿದಾನೆ! ಓಡೋ, ಓಡೋ!" ಅಂತ ಪ್ರೀತಿಯಿಂದಲೇ ಬೆನ್ನಿಗೆ ಗುದ್ದಿ ಸಾಲಿನೊಳಕ್ಕೆ ತಳ್ಳಿದರು. ಇನ್ನೊಬ್ಬ ಅವಳ ಕಂಕುಳಿಗೆ ಬ್ರೆಡ್ಡು ತುರುಕಿದ. ನಾನು "ಬಿಡ್ರೋ ಅವಳನ್ನ!" ಅಂತ ಕೂಗ್ತಾ ಪಕ್ಕದಲ್ಲೇ ಓಡಿದೆ. ಡೋಲಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಚೌಕ ತಲುಪುವ ಹೊತ್ತಿಗೆ ಅವಳೆಲ್ಲಿ ಅಂತಲೇ ಗೊತ್ತಾಗಲಿಲ್ಲ. ಎಲ್ಲ ಬೂದು ಬೆನ್ನುಗಳು. ಅಷ್ಟು ಚೆನ್ನಾಗಿ ಹೊಲಿದಿದ್ದಳು.

ಮೊದಲನೇ ಬಹುಮಾನ ಅವರಿಗೇ ಬಂತು. ಮನೆಗೆ ಬಂದ ರೆಮಿ ಮೇಲೆ ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದೆ. ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ, ಅದೇ ನನಗೆ ಹೆಚ್ಚು ಹೊಟ್ಟೆ ಉರಿಸಿದ್ದು.

"ಯಾಕೆ ಹೀಗಾಡ್ತೀಯ? ಮೇಯರನ್ನ ಹತ್ತಿಸಿದೀವಿ, ಬಿಷಪ್ಪನ್ನ ಹತ್ತಿಸಿದೀವಿ, ರಾಜನ್ನೂ ಬಿಟ್ಟಿಲ್ಲ. ಗಾಡಿ ಹತ್ತದೇ ಇರೋನು ಈ ಊರವನೇ ಅಲ್ಲ ಅಂತ ನೀನೇ ಅಂತಿದ್ದೆ. ಅವನನ್ನ ನಮ್ಮವನು ಅಂತ ಹತ್ತಿಸಿದ್ವಿ ಕಣೆ! ಇನ್ನು ಮುಂದೆ ಒಬ್ಬನಾದ್ರೂ ಅವನ ಮೇಲೆ ಕೈ ಮಾಡ್ತಾನಾ ನೋಡು."

"ಅವಳು ಬ್ರೆಡ್ ತಗೊಳ್ಳೋಕೆ ಬರ್ತಿದ್ಲು ಕಣೋ, ದಡ್ಡ ನನ್ಮಗನೆ!"

"ಈಗ ಬರಬೇಡ ಅಂದವರು ಯಾರು?" ಅಂದ.

ಬಂದಳು. ಗೊಂಬೆ ಸುಟ್ಟು, ಉಪವಾಸ ಶುರುವಾಗೋ ಬೂದಿ ಬುಧವಾರವೂ ಕಳೆದು, ಗುರುವಾರ ಬೆಳಿಗ್ಗೆ ಎಂದಿನ ಹೊತ್ತಿಗೆ ಬಂದಳು. ಬಾಗಿಲ ಗಂಟೆ ಆಯಿತು. ಅಂಗಡಿ ತುಂಬ ಇದ್ದ ಜನ ತಿರುಗಿ ನೋಡಿ, ಒಟ್ಟಿಗೆ ಚಪ್ಪಾಳೆ ತಟ್ಟಿದರು.

"ಬಂತಪ್ಪಾ ಬಹುಮಾನದ ಕೋಟು!"

"ಬಿಡ್ರೋ, ಕಾರ್ನಿವಲ್ ಮುಗೀತು! ಇವನಿಗಿನ್ನೂ ಆಸೆ ತೀರಿಲ್ಲ!"

ವೇಷದವರು ಕಂಡರೆ ಒಳಗಿರೋನು ಯಾರು ಅಂತ ಊಹಿಸೋದು ನಮ್ಮೂರಿನ ಆಟ. ಶುರುವಾಯಿತು ಅದು. ರೆಮಿ ಅಲ್ಲ, ಅವನು ಹಿಂದೆ ಒಲೆ ಹತ್ತಿರ ಇದಾನೆ. ಗಿಲ್ಬೆರ್ ಅಲ್ಲ, ಇದಕ್ಕೆ ಹೊಟ್ಟೆ ಇಲ್ಲ. ಫಿರ್ಮಿನ್ ಹಾಗೆ ಎಷ್ಟು ಚೆನ್ನಾಗಿ ನಿಂತಿದಾನೆ ನೋಡಿ! ಯಾರ ಮುಖದಲ್ಲೂ ಒಂದಿಷ್ಟೂ ಕೆಟ್ಟತನ ಇರಲಿಲ್ಲ. ನಾನು ಕೌಂಟರಿನಿಂದ ಆಚೆ ಬಂದು, "ಲೀವಾ ಕಣ್ರೀ ಅದು! ಅವಳೇ! ಜಾಗ ಬಿಡಿ!" ಅಂತ ಅರಚಿದೆ. ಅವರು ಇನ್ನೂ ಜೋರಾಗಿ ನಕ್ಕರು. "ಅರ್ಲೆಟ್ ನೋಡ್ರೋ, ರೆಮಿಗಿಂತ ಇವಳೇ ಚೆನ್ನಾಗಿ ಮಾಡ್ತಾಳೆ!" ಅಂದರು.

ಯೋಸೆಫೀನಮ್ಮ ನಗ್ತಾ ನಗ್ತಾ ಬಂದು, ಲೀವಾಳ ಗಲ್ಲ ಹಿಡಿದು, ಮುಖವನ್ನ ಬೆಳಕಿಗೆ ತಿರುಗಿಸಿ, ಕಣ್ಣಿಗೆ ಕಣ್ಣಿಟ್ಟು ನೋಡಿದರು. "ಸೋತೆ ಕಣಪ್ಪ. ಹೇಳಿಬಿಡು, ಒಳಗೆ ಯಾರಿದೀಯ?"

ಲೀವಾ ಆ ಮುದುಕಿಯ ಮುಖವನ್ನೇ ನೋಡಿದಳು. ಅಳ್ತಾಳೆ ಅಂದ್ಕೊಂಡೆ. ಅಳಲಿಲ್ಲ.

"ಒಳಗೆ ಯಾರೂ ಇಲ್ಲ, ಯೋಸೆಫೀನಮ್ಮ" ಅಂದಳು, ಫಿರ್ಮಿನ್ ದನಿಯಲ್ಲಿ.

ಅಂಗಡಿ ಹಾರಿಹೋಗೋ ಹಾಗೆ ನಗು. ಅವಳು ಬ್ರೆಡ್ ಕೇಳಲಿಲ್ಲ. ಬಂದ ದಾರಿಯಲ್ಲೇ ಹೊರಟು ಹೋದಳು. ಹೊರಗೆ ಯಾರೋ ಲಾರಿಯಿಂದ ಹಾರನ್ ಹೊಡೆದು ಕೈ ಬೀಸಿದರು.

ಆಮೇಲೆ ಯಾವ ಗುರುವಾರವೂ ಅವಳು ಬರಲಿಲ್ಲ. ಫಿರ್ಮಿನ್ ಶನಿವಾರ ಬರ್ತಾನೆ, ರೈಲ್ವೆಯ ಹಳೇ ನೀಲಿ ಜಾಕೆಟ್ಟಿನಲ್ಲಿ. ರೆಮಿ ಹೇಳಿದ್ದು ಸರಿಯೇ ಆಯಿತು, ಈಗ ಅವನ ಮೇಲೆ ಯಾರೂ ಕೈ ಮಾಡೋದಿಲ್ಲ, ಬಾಗಿಲಿಗೆ ಏನೂ ಬಳಿಯೋದಿಲ್ಲ. ಕೆಫೆಯಲ್ಲಿ ಬೆನ್ನು ತಟ್ಟಿ ಬಿಯರ್ ಕುಡಿಸ್ತಾರೆ. ಹೋದ ವಾರ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ನನಗೆ ತಡೆಯಲಾಗಲಿಲ್ಲ. ಮೆಲ್ಲಗೆ, "ಅವಳು ಹೇಗಿದಾಳೆ?" ಅಂದೆ.

"ಯಾರು?" ಅಂದ ಫಿರ್ಮಿನ್.

ನಾನು ಬ್ರೆಡ್ ಹೆಚ್ಚಿ, ಕಾಗದದಲ್ಲಿ ಸುತ್ತಿ ಕೊಟ್ಟೆ.